ದಪ್ಪ ಮುಂಗೈ ಇದ್ದವರ ಹಿಡಿತವೇ ಗಟ್ಟಿಯಾ? ಕೈ ಇಟ್ಟ ಭಂಗಿಗೂ ಲೆಕ್ಕ ಇದೆಯಾ?

ಕುಕ್ಕರಹಳ್ಳಿ ವಾಕರ್, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಜಿಮ್‌ಗೆ ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಬಂದಿದೆ. ಹಿಡಿ ಹಿಂಡಿದರೆ ಎಷ್ಟು ಕಿಲೋ ಅಂತ ತೋರಿಸುತ್ತದೆ. ಹುಡುಗರೆಲ್ಲ ಸೇರಿ ಟೇಪು ತಂದು ಒಬ್ಬೊಬ್ಬರ ಮುಂಗೈ (ಮೊಣಕೈಗೂ ಮಣಿಕಟ್ಟಿಗೂ ನಡುವಿನ ಭಾಗ) ಸುತ್ತಳತೆಯನ್ನೂ ತೆಗೆದೆವು. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದರೆ, ಮುಂಗೈ ದಪ್ಪ ಇದ್ದವರಿಗೆ ಕಿಲೋ ಜಾಸ್ತಿ ಬಂದಿದೆ. ಆದರೆ ಎಲ್ಲರಿಗೂ ಹಾಗಿಲ್ಲ. ಪಾಂಡವಪುರದ ಕಡೆಯಿಂದ ಬರುವ ಒಬ್ಬ ಅಣ್ಣ ಇದ್ದಾರೆ. ಊರಲ್ಲಿ ಕಬ್ಬಿನ ಕೆಲಸ. ಕೈ ತೆಳ್ಳಗಿದೆ. ತೋಳು ಉಬ್ಬಿಸಿಕೊಂಡು ಓಡಾಡುವ ಎಷ್ಟೋ ಜನರಿಗಿಂತ ಅವರ ಅಂಕಿ ಮೇಲಿತ್ತು.

ಇನ್ನೊಂದು ವಿಷಯ. ಕೈ ಕೆಳಗೆ ಇಳಿಬಿಟ್ಟು ಹಿಂಡಿದರೆ ಒಂದು ಅಂಕಿ, ಮೊಣಕೈ ಮಡಿಸಿದರೆ ಇನ್ನೊಂದು. ಅಂಗೈ ನೆಲದ ಕಡೆ ತಿರುಗಿಸಿದರಂತೂ ಎಲ್ಲರದ್ದೂ ಇಳಿಯಿತು. ಅದೇ ಕೈ, ಅದೇ ಮನುಷ್ಯ. ಹಾಗಾದರೆ ನಮ್ಮ ನಿಜವಾದ ಬಲ ಯಾವುದು? ಟೇಪಿನ ಅಳತೆಗೂ ಹಿಡಿತಕ್ಕೂ ಎಷ್ಟರ ಮಟ್ಟಿಗೆ ಸಂಬಂಧ ಇದೆ? ತಿಳಿದವರು ಸ್ವಲ್ಪ ವಿವರವಾಗಿ ಹೇಳಿ.

ಮದ್ದೂರು ಫಿಸಿಯೋ

ಒಳ್ಳೆ ಪ್ರಶ್ನೆ. ಮೊದಲು ಮುಂಗೈ ಯಾಕೆ ಮುಖ್ಯ ಅಂತ ಹೇಳುತ್ತೇನೆ.

ಬೆರಳು ಮಡಿಸುವ ದೊಡ್ಡ ಸ್ನಾಯುಗಳು ಬೆರಳಲ್ಲಿ ಇಲ್ಲ, ಮುಂಗೈಯಲ್ಲಿ ಇವೆ. ಅಲ್ಲಿಂದ ಗಟ್ಟಿ ದಾರದಂಥ ಉದ್ದನೆಯ ಟೆಂಡನ್‌ಗಳು ಮಣಿಕಟ್ಟನ್ನು ದಾಟಿ ಬೆರಳಿನ ಮೂಳೆಗೆ ಹೋಗಿ ಅಂಟಿಕೊಂಡಿವೆ. ಸೂತ್ರದ ಗೊಂಬೆ ಕುಣಿಯುವುದು ವೇದಿಕೆಯ ಮೇಲೆ, ದಾರ ಎಳೆಯುವ ಕೈ ಇರುವುದು ಮೇಲುಗಡೆ, ಅಲ್ವಾ? ಹಾಗೆಯೇ ಇದು. ಈಗಲೇ ಬಲಗೈ ಮುಷ್ಟಿ ಬಿಗಿ ಮಾಡಿ, ಎಡಗೈಯಿಂದ ಬಲ ಮುಂಗೈ ಹಿಡಿದು ನೋಡಿ. ಒಳಭಾಗ ಗಟ್ಟಿಯಾಗುವುದು ಗೊತ್ತಾಗುತ್ತದೆ. ಹೊರಭಾಗವನ್ನೂ ಮುಟ್ಟಿ. ಅದೂ ಗಟ್ಟಿಯಾಗಿರುತ್ತದೆ. ಹೊರಭಾಗದ ಸ್ನಾಯುಗಳು ಬೆರಳನ್ನು ಮಡಿಸುವುದಿಲ್ಲ. ಮಣಿಕಟ್ಟು ಮುಂದಕ್ಕೆ ಬಾಗದ ಹಾಗೆ ಹಿಂದಿನಿಂದ ಎಳೆದು ಹಿಡಿಯುತ್ತವೆ. ಅವು ಸೋತರೆ ಒಳಭಾಗ ಎಷ್ಟೇ ಗಟ್ಟಿ ಇದ್ದರೂ ಮುಷ್ಟಿ ಸಡಿಲವಾಗುತ್ತದೆ.

ಸ್ನಾಯುವಿನ ಬಲ ಅದರ ಅಡ್ಡ ಸೀಳಿನ, ಅಂದರೆ ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಮುಖದ, ವಿಸ್ತಾರದ ಮೇಲೆ ನಿಂತಿದೆ. ಹಾಗಾಗಿ ಮುಂಗೈ ದಪ್ಪ ಇದ್ದರೆ ಹಿಡಿತ ಜಾಸ್ತಿ ಅನ್ನುವುದು ಸುಳ್ಳಲ್ಲ. ಬೇರೆ ಬೇರೆ ದೇಶಗಳಲ್ಲಿ ಅಳೆದು ನೋಡಿದಾಗಲೂ ಮುಂಗೈ ಸುತ್ತಳತೆಗೂ ಹಿಡಿತಕ್ಕೂ ಸಂಬಂಧ ಕಂಡಿದೆ. ಆದರೆ ಅದು ಒಂದಕ್ಕೊಂದು ಅಚ್ಚು ಹೊಂದುವಂಥ ಸಂಬಂಧ ಅಲ್ಲ. ಟೇಪು ಚರ್ಮವನ್ನೂ ಅಳೆಯುತ್ತದೆ, ಕೊಬ್ಬನ್ನೂ ಅಳೆಯುತ್ತದೆ, ಎರಡು ಮೂಳೆಗಳನ್ನೂ ಅಳೆಯುತ್ತದೆ. ಸ್ನಾಯು ಎಷ್ಟು ಅಂತ ಅದಕ್ಕೆ ಬೇರೆಯಾಗಿ ಗೊತ್ತಾಗುವುದಿಲ್ಲ. ಅಂಗೈ ಒಳಗಿನ ಸಣ್ಣ ಸ್ನಾಯುಗಳು, ಹೆಬ್ಬೆರಳ ಬುಡದ ದಿಬ್ಬ, ಇವೂ ಹಿಡಿತಕ್ಕೆ ಬಲ ಕೊಡುತ್ತವೆ. ಅವು ಟೇಪಿನ ಒಳಗೆ ಬರುವುದೇ ಇಲ್ಲ.

ಲೆಕ್ಕದ ಮೇಷ್ಟ್ರು, ಮಂಡ್ಯ

ಫಿಸಿಯೋ ಮೇಡಂ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಟೇಪು ಕೊಡುವುದು ಸುತ್ತಳತೆ. ಬಲಕ್ಕೆ ಬೇಕಾಗಿರುವುದು ವಿಸ್ತಾರ. ಎರಡೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ.

ಮುಂಗೈಯನ್ನು ಸುಮಾರಾಗಿ ದುಂಡಗೆ ಅಂತ ಇಟ್ಟುಕೊಳ್ಳಿ. 26 ಸೆಂಟಿಮೀಟರ್ ಸುತ್ತಳತೆ ಇದ್ದರೆ ಅಡ್ಡ ಸೀಳಿನ ವಿಸ್ತಾರ ಸುಮಾರು 54 ಚದರ ಸೆಂಟಿಮೀಟರ್. 28 ಆದರೆ ಸುಮಾರು 62. ಟೇಪಿನಲ್ಲಿ ಹೆಚ್ಚಾಗಿದ್ದು ಶೇಕಡಾ 8ಕ್ಕಿಂತ ಕಡಿಮೆ, ವಿಸ್ತಾರದಲ್ಲಿ ಹೆಚ್ಚಾಗಿದ್ದು ಶೇಕಡಾ 16. ಹಾಗಾಗಿ ಎರಡು ಸೆಂಟಿಮೀಟರ್ ಅಂದರೆ ಏನು ಮಹಾ ಅನ್ನಬೇಡಿ. ಆ ಹೆಚ್ಚಳ ಪೂರ್ತಿ ಸ್ನಾಯುವೇ ಆಗಿದ್ದರೆ ಅದು ದೊಡ್ಡ ವ್ಯತ್ಯಾಸ. ಪೂರ್ತಿ ಕೊಬ್ಬಾಗಿದ್ದರೆ ಹಿಡಿತಕ್ಕೆ ಏನೂ ಸಿಗುವುದಿಲ್ಲ.

ಇನ್ನೊಂದು ಮಾತು. ಮುಂಗೈ ದಪ್ಪ ಇರುವವರು ಸಾಮಾನ್ಯವಾಗಿ ಎತ್ತರ ಇರುತ್ತಾರೆ, ತೂಕ ಇರುತ್ತಾರೆ, ಅಂಗೈಯೂ ದೊಡ್ಡದಿರುತ್ತದೆ. ಗಂಡಸರನ್ನೂ ಹೆಂಗಸರನ್ನೂ ಒಟ್ಟಿಗೆ ಹಾಕಿ ಲೆಕ್ಕ ಮಾಡಿದರೆ ಸಂಬಂಧ ತುಂಬಾ ಬಲವಾಗಿ ಕಾಣುತ್ತದೆ, ಯಾಕೆಂದರೆ ಎರಡು ಗುಂಪಿನ ನಡುವೆ ಮೊದಲೇ ಅಂತರ ಇದೆ. ಒಂದೇ ವಯಸ್ಸಿನ, ಒಂದೇ ಮೈಕಟ್ಟಿನ ಗಂಡಸರನ್ನಷ್ಟೇ ತೆಗೆದುಕೊಂಡರೆ ಅದೇ ಸಂಬಂಧ ಸಡಿಲವಾಗುತ್ತದೆ. ನಿಮ್ಮ ಜಿಮ್‌ನ ಪಟ್ಟಿಯನ್ನು ಬೇರೆ ಬೇರೆ ಮಾಡಿ ನೋಡಿ, ಗೊತ್ತಾಗುತ್ತದೆ.

ಗರಡಿ ಹುಡುಗ, ಮೈಸೂರು

ನಾನು ಓದಿದವನಲ್ಲ, ಗರಡಿಯಲ್ಲಿ ಕಲಿತದ್ದನ್ನು ಹೇಳುತ್ತೇನೆ. ನಮ್ಮ ಉಸ್ತಾದರು ಮೊದಲು ಹೇಳಿಕೊಟ್ಟದ್ದೇ ಮಣಿಕಟ್ಟಿನ ವಿಷಯ. ಎದುರಾಳಿ ನಿನ್ನನ್ನು ಗಟ್ಟಿಯಾಗಿ ಹಿಡಿದಿದ್ದರೆ ಬೆರಳು ಬಿಡಿಸಲು ಗುದ್ದಾಡಬೇಡ, ಅವನ ಮಣಿಕಟ್ಟನ್ನು ಒಳಕ್ಕೆ ಬಾಗಿಸು, ಬೆರಳು ತಾನೇ ಬಿಡುತ್ತದೆ ಅನ್ನುತ್ತಿದ್ದರು. ಎಂಥ ಪೈಲ್ವಾನನ ಕೈಯಾದರೂ ಹಾಗೇ. ನಂಬಿಕೆ ಇಲ್ಲದವರು ಮನೆಯಲ್ಲೇ ಮಾಡಿ ನೋಡಿ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಮಡಿಸಿ, ಆಮೇಲೆ ಮುಷ್ಟಿ ಕಟ್ಟಿ. ಒಂದು ಪೆನ್ನನ್ನೂ ಬಿಗಿಯಾಗಿ ಹಿಡಿಯಲು ಆಗುವುದಿಲ್ಲ.

ಗದೆ ತಿರುಗಿಸುವಾಗಲೂ ಅಷ್ಟೇ. ಮಣಿಕಟ್ಟು ಸಡಿಲ ಬಿಟ್ಟವನ ಕೈಯಿಂದ ಗದೆ ಜಾರುತ್ತದೆ. ಅದಕ್ಕೇ ನಮ್ಮಲ್ಲಿ ಹೊಸಬರ ಕೈಗೆ ಭಾರದ ಗದೆ ಕೊಡುವುದಿಲ್ಲ.

ಮದ್ದೂರು ಫಿಸಿಯೋ

ಗರಡಿ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಭಂಗಿಯ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಮಣಿಕಟ್ಟೇ.

ಸ್ನಾಯು ತೀರಾ ಕುಗ್ಗಿದಾಗಲೂ ಬಲ ಕೊಡುವುದಿಲ್ಲ, ತೀರಾ ಎಳೆದಾಗಲೂ ಕೊಡುವುದಿಲ್ಲ. ನಡುವಿನ ಒಂದು ಉದ್ದದಲ್ಲಿ ಅದರ ಪೂರ್ತಿ ಬಲ ಸಿಗುತ್ತದೆ. ಮಣಿಕಟ್ಟು ಒಳಕ್ಕೆ ಬಾಗಿದಾಗ ಬೆರಳು ಮಡಿಸುವ ಸ್ನಾಯುಗಳು ಮೊದಲೇ ಕುಗ್ಗಿ ಕೂತಿರುತ್ತವೆ. ಇನ್ನಷ್ಟು ಎಳೆಯಲು ಅವುಗಳಿಗೆ ಜಾಗ ಇರುವುದಿಲ್ಲ. ಅದೇ ಹೊತ್ತಿಗೆ ಹಿಂಭಾಗದ ಟೆಂಡನ್‌ಗಳು ಪೂರ್ತಿ ಬಿಗಿದು ಬೆರಳನ್ನು ಬಿಡಿಸುವ ಕಡೆಗೆ ಎಳೆಯುತ್ತವೆ. ಎರಡೂ ಸೇರಿ ಮುಷ್ಟಿ ಬಿಡುತ್ತದೆ.

1992ರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ನಿಮಗೆ ಹೇಗೆ ಬೇಕೋ ಹಾಗೆ ಹಿಡಿದು ಪೂರ್ತಿ ಬಲದಿಂದ ಹಿಂಡಿ ಅಂತ ಜನರಿಗೇ ಬಿಟ್ಟರು. ಮಣಿಕಟ್ಟು ತಾನಾಗಿ ಸುಮಾರು 35 ಡಿಗ್ರಿ ಹಿಂದಕ್ಕೆ ಬಾಗಿತ್ತು, ಕಿರುಬೆರಳ ಕಡೆಗೆ ಸುಮಾರು 7 ಡಿಗ್ರಿ ವಾಲಿತ್ತು. ಆ ಭಂಗಿ ತಪ್ಪಿಸಿದಾಗ ಹಿಡಿತ ಕಡಿಮೆಯಾಯಿತು. ನಮಗೆ ಯಾರೂ ಕಲಿಸದಿದ್ದರೂ ಮೈಗೆ ತನ್ನ ಒಳ್ಳೆಯ ಭಂಗಿ ಗೊತ್ತಿದೆ. ಇದು ನನಗೆ ಯಾವಾಗಲೂ ತುಂಬಾ ಖುಷಿ ಕೊಡುವ ವಿಷಯ.

ಅಂಗೈ ನೆಲದ ಕಡೆ ತಿರುಗಿದಾಗ ಅಂಕಿ ಇಳಿದದ್ದಕ್ಕೂ ಕಾರಣ ಇದೆ. ಮುಂಗೈಯಲ್ಲಿ ಎರಡು ಮೂಳೆ. ಅಂಗೈ ಮೇಲ್ಮುಖ ಇದ್ದಾಗ ಅವು ಒಂದರ ಪಕ್ಕ ಒಂದು ನೆಟ್ಟಗೆ ಇರುತ್ತವೆ. ಅಂಗೈ ಕೆಳಮುಖ ಆದಾಗ ಹೆಬ್ಬೆರಳ ಕಡೆಯ ಮೂಳೆ ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ. ಅದರ ಜೊತೆ ಸ್ನಾಯುಗಳ ಉದ್ದವೂ ಎಳೆಯುವ ದಿಕ್ಕೂ ಬದಲಾಗುತ್ತವೆ. ಅಳೆದು ನೋಡಿದ ಕಡೆ ಅಂಗೈ ಕೆಳಮುಖ ಇದ್ದಾಗ ಹಿಡಿತ ಕಡಿಮೆ ಬಂದಿದೆ.

ಕುಕ್ಕರಹಳ್ಳಿ ವಾಕರ್, ಮೈಸೂರು

ಮಣಿಕಟ್ಟು ಅರ್ಥ ಆಯಿತು ಮೇಡಂ. ಮೊಣಕೈ ವಿಷಯ ಹೇಳಿ. ನಮ್ಮ ಜಿಮ್‌ನಲ್ಲಿ ಜಗಳ ಆಗಿದ್ದೇ ಅದಕ್ಕೆ. ಒಬ್ಬರು ಕೈ ನೇರ ಬಿಟ್ಟು ಹಿಂಡಬೇಕು ಅಂದರು, ಇನ್ನೊಬ್ಬರು ಮೊಣಕೈ ಮಡಿಸಿಯೇ ಹಿಂಡಬೇಕು ಅಂದರು.

ಮದ್ದೂರು ಫಿಸಿಯೋ

ಇಲ್ಲಿ ಅಧ್ಯಯನಗಳೇ ಒಂದು ಮಾತು ಹೇಳುವುದಿಲ್ಲ. 1985ರಲ್ಲಿ ಮಾಥಿಯೋವೆಟ್ಜ್ ಮತ್ತು ಜೊತೆಗಾರರು ಅಳೆದಾಗ ಮೊಣಕೈ 90 ಡಿಗ್ರಿ ಮಡಿಸಿದಾಗ ಹಿಡಿತ ಜಾಸ್ತಿ ಬಂತು, ನೇರ ಚಾಚಿದಾಗ ಕಡಿಮೆ ಬಂತು. 1994ರ ಇನ್ನೊಂದು ಅಧ್ಯಯನದಲ್ಲಿ ಉಲ್ಟಾ. ಮೊಣಕೈ ನೇರ ಇಟ್ಟು ಕೈಯನ್ನು ತಲೆಯ ಮೇಲಕ್ಕೆ ಎತ್ತಿದಾಗ ಎಲ್ಲಕ್ಕಿಂತ ಜಾಸ್ತಿ, ಕೈ ಮೈಪಕ್ಕ ಇಟ್ಟು ಮೊಣಕೈ ಮಡಿಸಿದಾಗ ಎಲ್ಲಕ್ಕಿಂತ ಕಡಿಮೆ. ಬೆರಳು ಮಡಿಸುವ ಸ್ನಾಯುಗಳಲ್ಲಿ ಒಂದರ ಬುಡ ಮೊಣಕೈಗಿಂತ ಮೇಲೆ, ತೋಳಿನ ಮೂಳೆಯ ಒಳಗಿನ ಗಂಟಿನಲ್ಲಿದೆ. ಹಾಗಾಗಿ ಮೊಣಕೈ ಮಡಿಸಿದರೆ ಅದರ ಉದ್ದ ಸ್ವಲ್ಪ ಬದಲಾಗುತ್ತದೆ. ಆದರೆ ಮಣಿಕಟ್ಟಿನಷ್ಟು ದೊಡ್ಡ ವ್ಯತ್ಯಾಸ ಇಲ್ಲಿ ಆಗುವುದಿಲ್ಲ. ನಿಂತು ಹಿಂಡುತ್ತೀರೋ ಕೂತು ಹಿಂಡುತ್ತೀರೋ, ಭುಜ ಎಲ್ಲಿದೆ, ಇವೂ ಸೇರಿಕೊಳ್ಳುತ್ತವೆ.

ಆದ್ದರಿಂದ ನಿಮ್ಮ ಜಿಮ್‌ನವರು ಜಗಳ ಬಿಟ್ಟು, ಯಾವ ಮೆಷಿನ್ ಇದೆ ಅಂತ ನೋಡಿ. ಆಸ್ಪತ್ರೆಗಳಲ್ಲಿ ಬಳಸುವ ಜಾಮರ್ ಅನ್ನುವ ಹೈಡ್ರಾಲಿಕ್ ಮೆಷಿನ್ ಆದರೆ, ಅಮೆರಿಕದ ಕೈ ಚಿಕಿತ್ಸಕರ ಸಂಘ ಹೇಳಿದ ಭಂಗಿ ಇದೆ. ಕುರ್ಚಿಯಲ್ಲಿ ಕೂರಬೇಕು. ತೋಳು ಮೈಗೆ ಹತ್ತಿರ. ಮೊಣಕೈ 90 ಡಿಗ್ರಿ. ಹೆಬ್ಬೆರಳು ಮೇಲ್ಮುಖ. ಮಣಿಕಟ್ಟು ನೇರ ಇರಬಹುದು, ಅಥವಾ 30 ಡಿಗ್ರಿ ಒಳಗೆ ಹಿಂದಕ್ಕೆ ಬಾಗಿರಬಹುದು. ಮೂರು ಸಲ ಹಿಂಡಿಸಿ ಸರಾಸರಿ ತೆಗೆಯುತ್ತಾರೆ. ಸ್ಪ್ರಿಂಗ್ ಇರುವ ಸ್ಮೆಡ್ಲಿ ಮಾದರಿಯ ಮೆಷಿನ್ ಆದರೆ ಬೇರೆ. ವಯಸ್ಸಾದವರ ಸ್ನಾಯು ಕ್ಷಯದ (ಸ್ನಾಯು ಸವೆದು ಬಲ ಕುಗ್ಗುವುದರ) ಬಗ್ಗೆ ಏಷ್ಯಾದ ತಜ್ಞರ ತಂಡ 2019ರಲ್ಲಿ ಕೊಟ್ಟ ಸಲಹೆಯಲ್ಲಿ ಎರಡಕ್ಕೂ ಬೇರೆ ಭಂಗಿ ಹೇಳಿದೆ. ಸ್ಪ್ರಿಂಗ್ ಮೆಷಿನ್‌ಗೆ ಎದ್ದು ನಿಂತು ಮೊಣಕೈ ನೇರ ಬಿಡಬೇಕು. ಜಾಮರ್‌ಗೆ ಕೂತು 90 ಡಿಗ್ರಿ ಮಡಿಸಬೇಕು.

ನಿಮ್ಮ ಜಿಮ್‌ನ ಇಬ್ಬರೂ ಎಲ್ಲೋ ಕೇಳಿದ ಸರಿಯಾದ ಮಾತನ್ನೇ ಹೇಳಿದ್ದಾರೆ. ಆದರೆ ನಿಂತು ತೆಗೆದ ಅಂಕಿಯನ್ನು ಕೂತು ತೆಗೆದ ಅಂಕಿಯ ಜೊತೆ ಇಟ್ಟು ಯಾರು ಗಟ್ಟಿ ಅನ್ನುವ ಹಾಗಿಲ್ಲ. ಹಿಡಿಯ ಅಗಲವನ್ನೂ ನೋಡಿ. ಜಾಮರ್‌ನಲ್ಲಿ ಐದು ಅಗಲ ಇವೆ, ಎಲ್ಲರೂ ಸಾಮಾನ್ಯವಾಗಿ ಎರಡನೆಯದನ್ನು ಬಳಸುತ್ತಾರೆ. ಅಂಗೈ ಚಿಕ್ಕದಿರುವ ಹೆಣ್ಣುಮಕ್ಕಳಿಗೆ ತೀರಾ ಅಗಲದ ಹಿಡಿ ಕೊಟ್ಟರೆ ಅವರ ಬಲವನ್ನು ಅಳೆದ ಹಾಗೆ ಆಗುವುದಿಲ್ಲ.

ಕಬ್ಬಿನ ಗದ್ದೆ, ಪಾಂಡವಪುರ

ಇದನ್ನೆಲ್ಲ ಓದಿದೆ. ನಂಗೆ ಒಂದು ಮಾತು ಹೇಳಬೇಕು ಅನ್ನಿಸ್ತು. ಕಬ್ಬು ಕಡಿಯೋರ ಕೈ ನೋಡಿ ತೆಳ್ಳಗಿದೆ ಅಂತ ಆಶ್ಚರ್ಯ ಪಡ್ತೀರಲ್ಲ, ಆ ಕೆಲಸ ಏನು ಅಂತ ಒಂದು ಸಲ ಗದ್ದೆಗೆ ಬಂದು ನೋಡಿ. ಎಡಗೈಯಲ್ಲಿ ಕಬ್ಬು ಹಿಡಿಬೇಕು. ಬಲಗೈಯಲ್ಲಿ ಮಚ್ಚು. ಬುಡಕ್ಕೆ ಏಟು ಹಾಕಬೇಕು, ತುದಿಯ ಸೋಗೆ ಸವರಬೇಕು, ತರಗು ಬಿಡಿಸಬೇಕು, ಎಸೀಬೇಕು. ಬೆಳಿಗ್ಗೆಯಿಂದ ಹೊತ್ತು ಮುಳುಗೋ ತನಕ ಮುಷ್ಟಿ ಬಿಚ್ಚೋ ಹಾಗಿಲ್ಲ. ಆಮೇಲೆ ಹೊರೆ ಕಟ್ಟಿ ಗಾಡಿಗೆ ತುಂಬಬೇಕು. ಎಡಗೈಗೂ ಬಲಗೈಯಷ್ಟೇ ದುಡಿಮೆ. ನಮಗೆ ಮೆಷಿನ್ ಬೇಕಾ? ದುಡಿಯೋ ಕೈಗೆ ಬಲ ಇದ್ದೇ ಇರುತ್ತೆ ಕಣ್ರಪ್ಪ.

ಲೆಕ್ಕದ ಮೇಷ್ಟ್ರು, ಮಂಡ್ಯ

ಅಣ್ಣ, ನೀವು ಹೇಳಿದ ಎಡಗೈ ಮಾತು ಬಹಳ ಮುಖ್ಯ. ಬಲಗೈ ಬಳಸುವವರಿಗೆ ಬಲಗೈ ಹಿಡಿತ ಎಡಗೈಗಿಂತ ಸುಮಾರು ಶೇಕಡಾ 10 ಜಾಸ್ತಿ ಅನ್ನುವ ಒಂದು ಹಳೆಯ ಲೆಕ್ಕ ಇದೆ. ಎಡಗೈ ಬಳಸುವವರಲ್ಲಿ ಎರಡೂ ಕೈ ಹತ್ತಿರ ಹತ್ತಿರ ಸಮ ಇರುತ್ತವೆ. ಎರಡೂ ಕೈಯಲ್ಲಿ ದುಡಿಯುವವರನ್ನು ಈ ಶೇಕಡಾ 10ರ ಲೆಕ್ಕದಲ್ಲಿ ಕಣ್ಣುಮುಚ್ಚಿ ಹಾಕಬಾರದು. ಕೈಗೆ ಪೆಟ್ಟು ಬಿದ್ದಾಗ ಇನ್ನೊಂದು ಕೈ ಜೊತೆ ಹೋಲಿಸಿ ಎಷ್ಟು ಬಲ ಕಮ್ಮಿ ಆಗಿದೆ ಅಂತ ಹೇಳುತ್ತಾರೆ. ಆಗ ಅವರು ಯಾವ ಕೆಲಸ ಮಾಡುವವರು ಅಂತ ಕೇಳಲೇಬೇಕು.

ಮದ್ದೂರು ಫಿಸಿಯೋ

ತೆಳ್ಳಗಿನ ಕೈಗೆ ಅಷ್ಟು ಬಲ ಎಲ್ಲಿಂದ ಅನ್ನುವುದಕ್ಕೆ ಉತ್ತರ ಬಹಳಷ್ಟು ನರಗಳಲ್ಲಿದೆ. ಸ್ನಾಯು ಎಷ್ಟು ದೊಡ್ಡದು ಅನ್ನುವುದು ಒಂದು. ಅದರಲ್ಲಿ ಎಷ್ಟು ಭಾಗವನ್ನು ಮೆದುಳು ಒಂದೇ ಸಲಕ್ಕೆ ಎಬ್ಬಿಸುತ್ತದೆ ಅನ್ನುವುದು ಇನ್ನೊಂದು. ಹೊಸದಾಗಿ ವ್ಯಾಯಾಮ ಶುರು ಮಾಡಿದವರಿಗೆ ಮೊದಲ ಕೆಲವು ವಾರ ಬಲ ಏರುತ್ತದೆ, ಟೇಪಿನ ಅಳತೆ ಅಲ್ಲೇ ಇರುತ್ತದೆ. ಆ ಏರಿಕೆ ಬಹುಪಾಲು ನರಗಳ ಕೆಲಸ. ವರ್ಷಗಟ್ಟಲೆ ಮಚ್ಚು ಹಿಡಿದವರಿಗೆ ಇದು ಪೂರ್ತಿ ಪಳಗಿರುತ್ತದೆ. ಮಣಿಕಟ್ಟನ್ನು ಸರಿಯಾದ ಕೋನದಲ್ಲಿ ನಿಲ್ಲಿಸುವ ಅಭ್ಯಾಸವೂ ಮೈಗೂಡಿರುತ್ತದೆ. ಮೇಲಾಗಿ ಅವರ ಮುಂಗೈಯಲ್ಲಿ ಕೊಬ್ಬು ಕಡಿಮೆ. ಟೇಪು ತೋರಿಸುವುದರಲ್ಲಿ ಹೆಚ್ಚು ಪಾಲು ಸ್ನಾಯುವೇ.

ಜೊತೆಗೆ, ಒಂದೇ ಸಲ ಪೂರ್ತಿ ಹಿಂಡುವ ಬಲ ಬೇರೆ, ದಿನವಿಡೀ ಹಿಡಿದಿರುವ ತಾಳಿಕೆ ಬೇರೆ. ಬಿಗಿಯಾಗಿ ಹಿಡಿದೇ ಇದ್ದರೆ ಸ್ನಾಯುವಿನ ಒಳಗೆ ರಕ್ತ ಹರಿಯಲು ಜಾಗ ಸಿಗುವುದಿಲ್ಲ, ಬೇಗ ಸೋಲುತ್ತದೆ. ನುರಿತವರು ಏಟು ಬೀಳುವ ಹೊತ್ತಿಗೆ ಮಾತ್ರ ಬಿಗಿ ಹಿಡಿದು, ಮಚ್ಚು ಎತ್ತುವಾಗ ಸ್ವಲ್ಪ ಸಡಿಲ ಬಿಡುತ್ತಾರೆ. ಡೈನಮೋಮೀಟರ್ ಈ ಜಾಣತನವನ್ನು ಅಳೆಯುವುದಿಲ್ಲ. ಮಚ್ಚಿನ ಹಿಡಿ ತೆಳ್ಳಗಿದ್ದರೆ ಅದಕ್ಕೆ ಬಟ್ಟೆ ಸುತ್ತಿಕೊಳ್ಳುವುದು ಒಳ್ಳೆಯದೇ, ಬೆರಳುಗಳು ಹಿಡಿಯನ್ನು ಸರಿಯಾಗಿ ಸುತ್ತಬೇಕು. ಆದರೆ ದಪ್ಪ ಕೈಗವಸು ಹಾಕಿದರೆ ಹಿಡಿತ ಕಡಿಮೆಯಾಗುತ್ತದೆ, ಅದನ್ನೂ ಗಮನದಲ್ಲಿಡಿ.

ಆದರೆ ಅಣ್ಣ, ದುಡಿಯೋ ಕೈಗೆ ಮೆಷಿನ್ ಬೇಕಾ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ದುಡಿಯುವ ಕೈಯೇ ಮೊದಲು ಸವೆಯುವುದು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕೈಯಿಂದ ವಸ್ತು ಜಾರಿ ಬೀಳಲು ಶುರುವಾದ ಮೇಲೆಯೇ ಬರುತ್ತಾರೆ. ಅಷ್ಟರಲ್ಲಿ ತಡ ಆಗಿರುತ್ತದೆ.

ಡೈರಿ ಅಕ್ಕ, ಕೆ.ಆರ್. ಪೇಟೆ

ಮೇಡಂ, ನಿಮ್ಮ ಈ ಮಾತಿಗೇ ನಾನು ಬರೆಯುತ್ತಿದ್ದೇನೆ. ನಮ್ಮಲ್ಲಿ ಎರಡು ಹೊತ್ತೂ ಹಸು ಕೈಯಲ್ಲೇ ಕರೆಯುವುದು. ಮೆಷಿನ್ ಇನ್ನೂ ತಂದಿಲ್ಲ. ನನ್ನ ಮುಂಗೈ ಚೆನ್ನಾಗಿ ಗಟ್ಟಿ ಇದೆ, ಬಿಂದಿಗೆ ಎತ್ತಲು ತೊಂದರೆ ಇಲ್ಲ. ಆದರೆ ರಾತ್ರಿ ಮಲಗಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಎದ್ದು ಕೈ ಒದರಿದರೆ ಸರಿ ಹೋಗುತ್ತದೆ. ಈಚೆಗೆ ಹಾಲಿನ ಕ್ಯಾನ್ ಮುಚ್ಚಳ ತಿರುಗಿಸುವಾಗ ಹೆಬ್ಬೆರಳಿಗೆ ಬಲವೇ ಇಲ್ಲ ಅನ್ನಿಸುತ್ತದೆ. ಮುಂಗೈ ದಪ್ಪ ಇದ್ದೂ ಹೀಗೆ ಯಾಕೆ?

ಮದ್ದೂರು ಫಿಸಿಯೋ

ಅಕ್ಕ, ನೀವು ಹೇಳಿದ ಬೆರಳುಗಳು, ರಾತ್ರಿ ಜೋಮು, ಕೈ ಒದರಿದರೆ ಕಡಿಮೆ ಆಗುವುದು, ಇವೆಲ್ಲ ಕಾರ್ಪಲ್ ಟನಲ್ ಅನ್ನುವ ತೊಂದರೆಯ ಲಕ್ಷಣಗಳ ಹಾಗಿವೆ. ಪರೀಕ್ಷೆ ಮಾಡದೆ ಖಚಿತ ಹೇಳಬಾರದು, ದಯವಿಟ್ಟು ವೈದ್ಯರಿಗೆ ತೋರಿಸಿ. ಮುಂದೂಡಬೇಡಿ.

ಯಾಕೆ ಅಂತ ಕೇಳಿದಿರಿ. ಮಣಿಕಟ್ಟಿನ ಒಳಗಡೆ ಮೂಳೆ ಮತ್ತು ಪಟ್ಟಿಯಿಂದ ಆದ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಿಸುವ ಒಂಬತ್ತು ಟೆಂಡನ್‌ಗಳೂ ಮೀಡಿಯನ್ ಅನ್ನುವ ಒಂದು ನರವೂ ಅದರೊಳಗೇ ಹೋಗಬೇಕು. ಅಲ್ಲಿ ಒತ್ತಡ ಹೆಚ್ಚಾದರೆ ಮೊದಲು ನರಳುವುದು ಆ ನರ. ಹೆಬ್ಬೆರಳ ಬುಡದ ಸ್ನಾಯುಗಳಿಗೆ ಅಪ್ಪಣೆ ಹೋಗುವುದು ಆ ನರದಿಂದ. ಮುಂಗೈಯ ದೊಡ್ಡ ಸ್ನಾಯುಗಳಿಗೆ ಕವಲು ಮೇಲೆಯೇ ಒಡೆದಿರುತ್ತದೆ, ಅದಕ್ಕೆ ನಿಮ್ಮ ಮುಂಗೈ ಇನ್ನೂ ಗಟ್ಟಿ ಇದೆ. ಇದನ್ನೇ ನಾನು ಮೊದಲು ಹೇಳಿದ್ದು. ಟೇಪು ಹಿಡಿದರೆ ನಿಮ್ಮ ತೊಂದರೆ ಯಾವತ್ತೂ ಕಾಣುವುದಿಲ್ಲ.

ಮಣಿಕಟ್ಟು ಮಡಿಚಿದಷ್ಟು ಆ ದಾರಿಯಲ್ಲಿ ಒತ್ತಡ ಜಾಸ್ತಿ. ತುಂಬಾ ಜನ ನಿದ್ದೆಯಲ್ಲಿ ಕೈ ಮಡಿಚಿಕೊಂಡೇ ಮಲಗುತ್ತಾರೆ. ಅದಕ್ಕೆ ರಾತ್ರಿ ಹೊತ್ತು ಮಣಿಕಟ್ಟು ನೇರ ನಿಲ್ಲಿಸುವ ಪಟ್ಟಿ ಕೊಡುತ್ತಾರೆ. ಹಾಲು ಕರೆಯುವಾಗ ಮಣಿಕಟ್ಟು ನೇರ ಇರಲಿ, ಹೆಬ್ಬೆರಳು ಒಳಗೆ ಮಡಿಚಿ ಗೆಣ್ಣಿನಿಂದ ಎಳೆಯಬೇಡಿ, ಪೂರ್ತಿ ಮುಷ್ಟಿಯಲ್ಲಿ ಕರೆಯಿರಿ. ಪಶುವೈದ್ಯರೂ ಹಸುವಿನ ಮೊಲೆಗೆ ಅದೇ ಒಳ್ಳೆಯದು ಅನ್ನುತ್ತಾರೆ. ಕೂರುವ ಮಣೆಯ ಎತ್ತರ ಸ್ವಲ್ಪ ಬದಲಿಸಿದರೂ ಮಣಿಕಟ್ಟಿನ ಕೋನ ಬದಲಾಗುತ್ತದೆ, ನೋಡಿ.

ಗಾರೆ ಕೆಲಸ, ಶ್ರೀರಂಗಪಟ್ಟಣ

ಮೇಡಂ, ನನಗೆ ಮೊಣಕೈ ಹೊರಗಡೆ ನೋವು. ಕರಣೆ ಹಿಡಿದು ಗೋಡೆಗೆ ಗಾರೆ ಎಳೆಯುವಾಗ ಜೀವ ಹೋಗುತ್ತದೆ. ಕೈ ಮಡಿಸಿಕೊಂಡು ಹಿಡಿದರೆ ಅಷ್ಟು ನೋವಿಲ್ಲ. ಚಾಚಿ ಹಿಡಿದರೆ ಕರಣೆ ಬಿದ್ದೇ ಹೋಗುತ್ತದೆ. ಇದೂ ಭಂಗಿಯ ವಿಷಯಾನಾ?

ಮದ್ದೂರು ಫಿಸಿಯೋ

ಹೌದಣ್ಣ, ಭಂಗಿಯದ್ದೇ. ನೀವು ಹೇಳಿದ್ದು ಟೆನ್ನಿಸ್ ಎಲ್ಬೋದ ಹಾಗೆ ಕೇಳಿಸುತ್ತಿದೆ. ಟೆನ್ನಿಸ್ ಆಡದವರಿಗೇ ಅದು ಹೆಚ್ಚು. ಮಣಿಕಟ್ಟನ್ನು ಹಿಂದಕ್ಕೆ ಹಿಡಿದು ನಿಲ್ಲಿಸುವ ಸ್ನಾಯುಗಳ ಬುಡ ಮೊಣಕೈ ಹೊರಗಿನ ಗಂಟಿನಲ್ಲಿದೆ. ಮುಷ್ಟಿ ಬಿಗಿ ಮಾಡಿದಾಗಲೆಲ್ಲ ಅವು ಎಳೆಯುತ್ತವೆ. ಮೊಣಕೈ ನೇರ ಆದಾಗ ಆ ಬುಡದ ಮೇಲೆ ಎಳೆತ ಇನ್ನೂ ಜಾಸ್ತಿ. ಅದಕ್ಕೇ ನಾವು ಎರಡೂ ಭಂಗಿಯಲ್ಲಿ ಹಿಡಿತ ಅಳೆಯುತ್ತೇವೆ. ಮಡಿಸಿದಾಗ ಚೆನ್ನಾಗಿದ್ದು, ಚಾಚಿದಾಗ ನೋವಿನಿಂದ ಬಲ ಇಳಿದರೆ ಅದು ರೋಗ ಗುರುತಿಸಲು ಒಂದು ಒಳ್ಳೆಯ ಸುಳಿವು. ಭಂಗಿ ಬದಲಿಸಿ ಅಳೆಯುವುದು ಬರೀ ಜಿಮ್‌ನ ಪಂದ್ಯ ಅಲ್ಲ, ನೋಡಿ.

ಸದ್ಯಕ್ಕೆ ಗೋಡೆಗೆ ಹತ್ತಿರ ನಿಂತು, ಮೊಣಕೈ ಸ್ವಲ್ಪ ಮಡಿಸಿಕೊಂಡು ಕೆಲಸ ಮಾಡಿ. ಭಾರ ಎತ್ತುವಾಗ ಅಂಗೈ ಮೇಲ್ಮುಖ ಇರಲಿ. ನಿಧಾನವಾಗಿ ಬಲ ತುಂಬುವ ವ್ಯಾಯಾಮ ಇದೆ, ಹತ್ತಿರದ ಫಿಸಿಯೋ ಹತ್ತಿರ ಕಲಿಯಿರಿ. ಗುಣ ಆಗಲು ತಿಂಗಳುಗಳು ಬೇಕಾಗಬಹುದು, ಬಿಟ್ಟುಬಿಡಬೇಡಿ.

ಗರಡಿ ಹುಡುಗ, ಮೈಸೂರು

ಜಿಮ್ ಹುಡುಗರಿಗೆ ನನ್ನದೊಂದು ಮಾತು. ಮುಂಗೈ ದಪ್ಪ ಮಾಡಬೇಕು ಅಂತ ಹೋದರೆ ಹಿಡಿತ ಬರುವುದಿಲ್ಲ. ಹಿಡಿಯುವ ಕೆಲಸ ಮಾಡಿದರೆ ಹಿಡಿತ ಬರುತ್ತದೆ, ಮುಂಗೈ ಹಿಂದೆಯೇ ಬರುತ್ತದೆ. ಗರಡಿಯಲ್ಲಿ ನಾವು ಮಟ್ಟಿ ಅಗೆಯುತ್ತೇವೆ, ಗದೆ ತಿರುಗಿಸುತ್ತೇವೆ, ಹಗ್ಗ ಹತ್ತುತ್ತೇವೆ, ಜೋಡಿಯ ಕೈ ಹಿಡಿದು ಎಳೆದಾಡುತ್ತೇವೆ. ಪ್ರತಿಯೊಂದರಲ್ಲೂ ಕೈ ಬೇರೆ ಬೇರೆ ಭಂಗಿಯಲ್ಲಿ ಇರುತ್ತದೆ. ಒಂದೇ ಭಂಗಿಯಲ್ಲಿ ಸ್ಪ್ರಿಂಗ್ ಒತ್ತಿ ಒತ್ತಿ ಬಂದ ಬಲ ಕುಸ್ತಿ ಕಣದಲ್ಲಿ ಸಾಕಾಗುವುದಿಲ್ಲ. ದಸರಾದಲ್ಲಿ ದೊಡ್ಡಕೆರೆ ಮೈದಾನದ ಕುಸ್ತಿ ನೋಡಿ. ಕೈ ತಲೆ ಮೇಲೆ ಇದ್ದಾಗಲೂ, ಮೈ ಕೆಳಗೆ ಸಿಕ್ಕಿಕೊಂಡಾಗಲೂ ಹಿಡಿದದ್ದನ್ನು ಬಿಡದವನೇ ಪಟ್ಟು ಹಾಕುವುದು. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ಅಲ್ಲೂ ಆಯುಧ ಇರುವುದು ಮುಷ್ಟಿಯಲ್ಲೇ.

ಮದ್ದೂರು ಫಿಸಿಯೋ

ಗರಡಿ ಅವರ ಮಾತು ಶಾಸ್ತ್ರಕ್ಕೂ ಹೊಂದುತ್ತದೆ. ಯಾವ ಕೋನದಲ್ಲಿ ಅಭ್ಯಾಸ ಮಾಡುತ್ತೇವೋ ಅದರ ಆಸುಪಾಸಿನ ಕೋನದಲ್ಲೇ ಬಲ ಹೆಚ್ಚು ಬೆಳೆಯುತ್ತದೆ. ಎರಡು ಮಾತು ಸೇರಿಸುತ್ತೇನೆ. ಸ್ನಾಯುವಿಗಿಂತ ಟೆಂಡನ್ ನಿಧಾನವಾಗಿ ಗಟ್ಟಿಯಾಗುತ್ತದೆ. ಮೈಯಲ್ಲಿ ಹುಮ್ಮಸ್ಸು ಇದೆ ಅಂತ ಒಂದೇ ವಾರದಲ್ಲಿ ಭಾರ ಏರಿಸಬೇಡಿ. ಬೆರಳು ಮಡಿಸುವುದರ ಜೊತೆ ಬಿಚ್ಚುವುದನ್ನೂ ಮಾಡಿ. ಐದೂ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸಿದರೆ ಸಾಕು. ಬಿಪಿ ಇರುವವರು ಉಸಿರು ಬಿಗಿಹಿಡಿದು ಹಿಂಡಬಾರದು, ಆ ಹೊತ್ತಿಗೆ ಒತ್ತಡ ಏರುತ್ತದೆ.

ಲೆಕ್ಕದ ಮೇಷ್ಟ್ರು, ಮಂಡ್ಯ

ಕಬ್ಬಿನ ಗದ್ದೆ ಅಣ್ಣನಿಗೆ ಮೆಷಿನ್ ಯಾಕೆ ಬೇಕು ಅನ್ನುವುದಕ್ಕೆ ನನ್ನ ಕಡೆಯಿಂದ ಒಂದು ಉತ್ತರ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ಯೂರ್ ಅನ್ನುವ ದೊಡ್ಡ ಅಧ್ಯಯನದ ಫಲ ಬಂತು. 17 ದೇಶಗಳ ಸುಮಾರು 1,40,000 ಜನರ ಹಿಡಿತ ಅಳೆದಿದ್ದರು. ಭಾರತವೂ ಅದರಲ್ಲಿ ಇತ್ತು. ಹಿಡಿತ 5 ಕಿಲೋ ಕಡಿಮೆ ಇದ್ದಷ್ಟಕ್ಕೂ ಸಾವಿನ ಅಪಾಯ ಶೇಕಡಾ 16ರಷ್ಟು ಹೆಚ್ಚು ಕಂಡಿತು. ರಕ್ತದೊತ್ತಡದ ಮೇಲಿನ ಅಂಕಿಗಿಂತ ಹಿಡಿತವೇ ಸಾವಿನ ಮುನ್ಸೂಚನೆಯನ್ನು ಚೆನ್ನಾಗಿ ಕೊಟ್ಟಿತು.

ಇದನ್ನು ತಪ್ಪಾಗಿ ತಿಳಿಯಬೇಡಿ. ಸ್ಪ್ರಿಂಗ್ ಒತ್ತಿದರೆ ಆಯಸ್ಸು ಬೆಳೆಯುತ್ತದೆ ಅಂತ ಅಲ್ಲ. ಇಡೀ ಮೈಯ ಸ್ನಾಯು, ಊಟ, ಕಾಯಿಲೆ, ಓಡಾಟ ಎಲ್ಲವೂ ಸೇರಿ ಕೈಯಲ್ಲಿ ಕಾಣಿಸಿಕೊಳ್ಳುತ್ತವೆ ಅಂತ. ಮನೆಯಲ್ಲಿ ವಯಸ್ಸಾದವರು ಇದ್ದರೆ ವರ್ಷಕ್ಕೊಮ್ಮೆ ಅಳೆಯುವುದು ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಶುಗರ್, ಬಿಪಿ ಶಿಬಿರ ಹಳ್ಳಿಹಳ್ಳಿಯಲ್ಲಿ ಮಾಡುತ್ತಾರೆ. ಅದರ ಜೊತೆ ಇದನ್ನೂ ಯಾಕೆ ಮಾಡಬಾರದು?

ಕಬ್ಬಿನ ಗದ್ದೆ, ಪಾಂಡವಪುರ

ಮೇಷ್ಟ್ರೇ, ಈಗ ನೀವು ಹೇಳಿದ್ದು ಮನಸ್ಸಿಗೆ ಹಿಡೀತು. ನಮ್ಮಪ್ಪ ಎಪ್ಪತ್ತು ದಾಟವ್ರೆ. ಮೊದಲು ಎತ್ತಿನ ಮೂಗುದಾರ ಹಿಡಿದರೆ ಎತ್ತು ಅಲ್ಲಾಡ್ತಿರಲಿಲ್ಲ. ಈಗ ಚೊಂಬು ಹಿಡಿಯೋಕೂ ಎರಡು ಕೈ ಬೇಕು. ಎಷ್ಟು ಕಿಲೋಗಿಂತ ಕಮ್ಮಿ ಇದ್ರೆ ಡಾಕ್ಟರಿಗೆ ತೋರಿಸಬೇಕು ಮೇಡಂ?

ಮದ್ದೂರು ಫಿಸಿಯೋ

ಏಷ್ಯಾದವರಿಗೆ 2019ರಲ್ಲಿ ಕೊಟ್ಟ ಗಡಿ ಅಂಕಿ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ. ಅದಕ್ಕಿಂತ ಕಡಿಮೆ ಬಂದರೆ ಸ್ನಾಯು ಕ್ಷಯ ಇದೆಯಾ ಅಂತ ಮುಂದಿನ ಪರೀಕ್ಷೆ ಮಾಡಿಸಬೇಕು. ಅದೇ ಸಲಹೆಯಲ್ಲಿ ಟೇಪೂ ಇದೆ, ಆದರೆ ಮುಂಗೈಗೆ ಅಲ್ಲ, ಕಾಲಿನ ಮೀನಖಂಡಕ್ಕೆ. ಗಂಡಸರಿಗೆ 34 ಸೆಂಟಿಮೀಟರ್, ಹೆಂಗಸರಿಗೆ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಗಮನ ಕೊಡಬೇಕು.

ಅಪ್ಪನಿಗೆ ಎರಡು ಕೈ ಬೇಕಾಗುವುದು ಈಚೆಗೆ ಏಕಾಏಕಿ ಶುರುವಾಗಿದ್ದರೆ, ಅಥವಾ ಒಂದೇ ಕೈ ಸೋತಿದ್ದರೆ, ಮೆಷಿನ್‌ಗೆ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಧಾನವಾಗಿ ಆಗಿದ್ದರೆ ಅಳೆದು, ಊಟದಲ್ಲಿ ಬೇಳೆ, ಕಾಳು, ಹಾಲು, ಮೊಟ್ಟೆ ಎಷ್ಟು ತಿನ್ನುತ್ತಾರೆ ಅಂತ ನೋಡಿ. ವಯಸ್ಸಾದ ಮೇಲೆ ನಮ್ಮ ಕಡೆ ಸುಮ್ನೆ ಒಂದು ಮುದ್ದೆ, ಬಸ್ಸಾರು ತಿಳಿ ಕುಡಿದು ಎದ್ದುಬಿಡುತ್ತಾರೆ. ಬಸ್ಸಾರಿನ ಕಾಳು ಪಲ್ಯವೂ ತಟ್ಟೆಯಲ್ಲಿ ಇರಲಿ.

ಕುಕ್ಕರಹಳ್ಳಿ ವಾಕರ್, ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮದು ಸ್ಪ್ರಿಂಗ್ ಮೆಷಿನ್, ಈಗ ನೋಡಿಕೊಂಡು ಬಂದೆ. ಇನ್ನು ಮೇಲೆ ಎಲ್ಲರೂ ನಿಂತು, ಕೈ ಇಳಿಬಿಟ್ಟೇ ಹಿಂಡುವುದು ಅಂತ ಗೋಡೆಗೆ ಬರೆದು ಅಂಟಿಸುತ್ತೇನೆ. ಪಟ್ಟಿಯಲ್ಲಿ ಯಾವ ಕೈ, ಯಾವ ಭಂಗಿ ಅಂತ ಎರಡು ಕಾಲಂ ಸೇರಿಸಿದ್ದೇನೆ. ಪಾಂಡವಪುರದ ಅಣ್ಣನ ಅಪ್ಪನನ್ನು ಮೈಸೂರಿಗೆ ಕರೆತಂದರೆ ನಮ್ಮ ಜಿಮ್‌ಗೂ ಕರೆದುಕೊಂಡು ಬನ್ನಿ, ದುಡ್ಡೇನೂ ಬೇಡ.

ಡೈರಿ ಅಕ್ಕ, ಕೆ.ಆರ್. ಪೇಟೆ

ಮೇಡಂ, ನಾಳಿದ್ದು ಡಾಕ್ಟರ ಹತ್ತಿರ ಹೋಗುತ್ತೇನೆ. ಒಂದೇ ಒಂದು ಕೇಳಬೇಕು. ನಮ್ಮತ್ತೆಗೆ ಬೆರಳ ಸಂಧಿಗಳೆಲ್ಲ ಊದಿಕೊಂಡಿವೆ. ಅವರಿಗೆ ಮೆಷಿನ್ ಹಿಂಡಲು ಆಗುವುದೇ ಇಲ್ಲ. ಅವರ ಬಲ ಹೇಗೆ ತಿಳಿಯುವುದು?

ಮದ್ದೂರು ಫಿಸಿಯೋ

ಅವರ ಕೈಯಲ್ಲಿ ಹಿಂಡಿಸಲೇಬೇಡಿ ಅಕ್ಕ. ನೋವಿನಿಂದ ಬಂದ ಕಡಿಮೆ ಅಂಕಿ ಸ್ನಾಯುವಿನ ಬಲ ಹೇಳುವುದಿಲ್ಲ. ಅವರಿಗೆ ಕುರ್ಚಿ ಪರೀಕ್ಷೆ ಮಾಡಿ. ಕೈ ಎದೆಗೆ ಕಟ್ಟಿಕೊಂಡು, ಕುರ್ಚಿಯಿಂದ ಐದು ಸಲ ಪೂರ್ತಿ ಎದ್ದು ಕೂರಬೇಕು. ಗಡಿಯಾರ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ವೈದ್ಯರಿಗೆ ಹೇಳಿ. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ನೀವು ಪಕ್ಕದಲ್ಲೇ ನಿಂತಿರಿ. ಮಂಡಿ ನೋವು ಇದ್ದರೆ ಅದನ್ನೂ ಬಿಡಿ, ನಾಳಿದ್ದು ನಿಮ್ಮ ಜೊತೆಗೆ ಅವರನ್ನೂ ಕರೆದುಕೊಂಡು ಹೋಗಿ ತೋರಿಸಿ.